ಬೋರ್ ಪಾಯಿಂಟ್, ಹಳ್ಳದ ಮರಳು, ಫ್ಲೋರೈಡ್: ಓದುಗರ ಪ್ರಶ್ನೆಗೆ ಭೂವಿಜ್ಞಾನಿಯ ಉತ್ತರ

ಪ್ರಶ್ನೆ: ಚಿಂತಾಮಣಿ ಕಡೆ ನಮ್ಮದು ಮೂರು ಎಕರೆ. ಹತ್ತು ವರ್ಷದಲ್ಲಿ ನಾಲ್ಕು ಬೋರ್ ಕೊರೆಸಿದೆವು. ಮೂರು ಫೇಲ್ ಆದವು, ಒಂದು ಎರಡೇ ಬೇಸಿಗೆಗೆ ಬತ್ತಿತು. ಈಗ ಒಬ್ಬರು ಹೊಲದಲ್ಲೇ ತಂತಿ ಎಳೆದು, ಮಷೀನ್ ಇಟ್ಟು ನೋಡಿ, "1,150 ಅಡಿಗೆ ಗ್ಯಾಪ್ (ಬಂಡೆಯ ಬಿರುಕು) ಇದೆ, ಮೂರು ಇಂಚು ನೀರು ಗ್ಯಾರಂಟಿ" ಎಂದಿದ್ದಾರೆ. ನಂಬಬಹುದಾ?

ನಂಬಬೇಡಿ. ಆ ಮಾತಿನ ಮೇಲೆ ಬೋರ್ ಕೊರೆಯುವ ಗಾಡಿ ಕರೆಸಬೇಡಿ. ಮಷೀನ್ ಸುಳ್ಳಲ್ಲ, ಆದರೆ ಅದು ಹೇಳಲಾಗದ ಮಾತನ್ನು ಅದರ ಬಾಯಲ್ಲಿ ಹೇಳಿಸಿದ್ದಾರೆ.

ಅವರು ತಂದದ್ದು ಬಹುಶಃ ರೆಸಿಸ್ಟಿವಿಟಿ ಮೀಟರ್. ನೆಲದೊಳಗೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆಯುವ ಪೆಟ್ಟಿಗೆ ಅದು. ಒಂದೇ ಸಾಲಿನಲ್ಲಿ ನಾಲ್ಕು ಕಬ್ಬಿಣದ ಸರಳು ಹೊಡೆಯುತ್ತೇವೆ. ಹೊರಗಿನ ಎರಡರಿಂದ ಬ್ಯಾಟರಿಯ ಕರೆಂಟ್ ನೆಲಕ್ಕೆ ಹೋಗುತ್ತದೆ. ಒಳಗಿನ ಎರಡರ ನಡುವೆ ವೋಲ್ಟೇಜ್ ನೋಡುತ್ತೇವೆ. ಆಮೇಲೆ ಹೊರಗಿನ ಸರಳುಗಳನ್ನು ದೂರ ದೂರ ಸರಿಸುತ್ತಾ ಹೋಗುತ್ತೇವೆ. ದೂರ ಹೆಚ್ಚಿದಷ್ಟೂ ಕರೆಂಟ್ ಆಳಕ್ಕೆ ಇಳಿಯುತ್ತದೆ. ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ 1912ರಲ್ಲಿ ಇಂಥ ಪ್ರಯೋಗ ಶುರುಮಾಡಿದರು. ಇವತ್ತಿಗೂ ಮೂಲ ತತ್ವ ಅದೇ.

ಬಿರುಕಿಲ್ಲದ ಗಟ್ಟಿ ಗ್ರಾನೈಟ್‌ನಲ್ಲಿ ಕರೆಂಟ್ ಹರಿಯುವುದೇ ಕಷ್ಟ, ಅಡ್ಡಿಯ ಅಳತೆ ಸಾವಿರಾರು ಓಮ್-ಮೀಟರ್ ಬರುತ್ತದೆ. ಅದೇ ಗ್ರಾನೈಟ್ ಸವೆದು ಸಡಿಲವಾಗಿ ನೀರು ತುಂಬಿಕೊಂಡಿದ್ದರೆ ಸಾಮಾನ್ಯವಾಗಿ ನೂರರ ಒಳಗೆ ಇಳಿಯುತ್ತದೆ. ಈ ವ್ಯತ್ಯಾಸದ ಮೇಲೆಯೇ ನಮ್ಮ ಕೆಲಸ ನಡೆಯುವುದು.

ಈಗ ನಿಮ್ಮ ಹೊಲದ ಲೆಕ್ಕ ನೋಡೋಣ. ಮೂರು ಎಕರೆ ಚೌಕವಾಗಿದ್ದರೆ ಒಂದು ಬದಿ ಸುಮಾರು 110 ಮೀಟರ್. ಮೂಲೆಯಿಂದ ಮೂಲೆಗೆ ಎಳೆದರೂ ತಂತಿ 156 ಮೀಟರ್ ದಾಟುವುದಿಲ್ಲ. ಈ ವಿಧಾನದಲ್ಲಿ ಭರವಸೆಯಿಂದ ಹೇಳಬಹುದಾದ ಆಳ, ಸ್ಥೂಲವಾಗಿ, ಆ ಒಟ್ಟು ಉದ್ದದ ಐದನೇ ಒಂದು ಭಾಗ. ಅಂದರೆ 30 ಮೀಟರ್, ನೂರು ಅಡಿ. 1,150 ಅಡಿ ಕೆಳಗಿನ ಸುದ್ದಿ ಬೇಕಿದ್ದರೆ ಒಂದೂವರೆಯಿಂದ ಎರಡು ಕಿಲೋಮೀಟರ್ ನೇರ ತಂತಿ ಬೇಕು. ನಿಮ್ಮ ಹೊಲ ದಾಟಿ, ಪಕ್ಕದವರ ತೋಟ ದಾಟಿ, ರಸ್ತೆಯನ್ನೂ ದಾಟಬೇಕು. ಅಷ್ಟು ಎಳೆದರೂ ಅಷ್ಟು ಆಳದಲ್ಲಿರುವ ಒಂದು ಗೇಣು ದಪ್ಪದ ಬಿರುಕು ಮೀಟರ್‌ಗೆ ಕಾಣುವುದಿಲ್ಲ. ಸುತ್ತಲಿನ ಬಂಡೆಯ ಅಳತೆಯಲ್ಲೇ ಅದು ಮುಳುಗಿ ಹೋಗುತ್ತದೆ.

"ಮೂರು ಇಂಚು ಗ್ಯಾರಂಟಿ" ಅನ್ನುವುದಂತೂ ಯಾವ ಮಷೀನೂ ಕೊಡುವ ಉತ್ತರವಲ್ಲ. ಎಷ್ಟು ನೀರು ಬರುತ್ತದೆ ಎಂಬುದು ಕೊರೆದು, ಪಂಪ್ ಮಾಡಿ ನೋಡಿದ ಮೇಲೆ ಗೊತ್ತಾಗುವ ಸಂಗತಿ. ಅಂದಹಾಗೆ ಎರಡು ಇಂಚಿಗೂ ಮೂರು ಇಂಚಿಗೂ ಸ್ವಲ್ಪವೇ ವ್ಯತ್ಯಾಸ ಅಂದುಕೊಳ್ಳಬೇಡಿ. ವಿ ಆಕಾರದಲ್ಲಿ ಕತ್ತರಿಸಿದ ತಗಡಿನ ಮೇಲೆ ಹರಿಯುವ ನೀರಿನ ಎತ್ತರವನ್ನು ಸರಿಯಾಗಿ ಅಳೆದರೆ ಎರಡು ಇಂಚು ಅಂದರೆ ಗಂಟೆಗೆ ಸುಮಾರು 2,900 ಲೀಟರ್. ಮೂರು ಇಂಚು ಅಂದರೆ ಸುಮಾರು 8,000 ಲೀಟರ್.

ಹಾಗಾದರೆ ಸರ್ವೆ ದಂಡವಾ? ಖಂಡಿತ ಅಲ್ಲ. ನಮ್ಮ ಕಡೆ ನೀರು ಇರುವುದು ಎರಡು ಜಾಗದಲ್ಲಿ: ಮೇಲಿನ ಸಡಿಲ ಬಂಡೆಯಲ್ಲಿ, ಅದರ ಕೆಳಗಿನ ಬಿರುಕುಗಳಲ್ಲಿ. ಸಡಿಲ ಪದರ ಹೊಲದ ಯಾವ ಮೂಲೆಯಲ್ಲಿ ದಪ್ಪ ಇದೆ ಎಂಬುದನ್ನು ಮೀಟರ್ ಚೆನ್ನಾಗಿಯೇ ತೋರಿಸುತ್ತದೆ. ಅದು ದಪ್ಪ ಇರುವ ಕಡೆ ಕೆಳಗೂ ಬಿರುಕು ಇರುವ ಸಾಧ್ಯತೆ ಜಾಸ್ತಿ, ಏಕೆಂದರೆ ಬಂಡೆ ಸವೆಯುವುದೇ ಬಿರುಕು ಹಿಡಿದು ಇಳಿದ ನೀರಿನಿಂದ. ಬಿರುಕುಗಳು ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಸಾವಿರ ಅಡಿಯ ಮೇಲೆ ಕೊರೆಸುವ ಮುಂಚೆ ಇದನ್ನು ನೆನಪಿಡಿ.

ಸರ್ವೆ ಮಾಡಿಸುವವರು ಹೀಗೆ ಮಾಡಿಸಿ. ಮೊದಲು ಸುತ್ತಲಿನ ಹತ್ತು ಬೋರ್‌ಗಳ ಮಾಹಿತಿ ಬರೆದುಕೊಳ್ಳಿ: ಕೇಸಿಂಗ್ (ಬೋರ್‌ನ ಮೇಲ್ಭಾಗಕ್ಕೆ ಇಳಿಸುವ ಪೈಪ್) ಎಷ್ಟು ಅಡಿ ಇಳಿಯಿತು, ಗ್ಯಾಪ್ ಎಲ್ಲಿ ಸಿಕ್ಕಿತು, ಈಗಲೂ ನೀರಿದೆಯಾ. ಕೇಸಿಂಗ್ ಇಳಿಸುವುದು ಗಟ್ಟಿ ಬಂಡೆ ಸಿಗುವವರೆಗೆ ಮಾತ್ರ ಅಲ್ವಾ? ಹಾಗಾಗಿ ಪಕ್ಕದವರ ಕೇಸಿಂಗ್ 70 ಅಡಿ ಅಂದರೆ ಅಲ್ಲಿ ಸಡಿಲ ಪದರ ಹೆಚ್ಚುಕಡಿಮೆ 70 ಅಡಿ. ಒಂದು ಪೈಸೆ ಖರ್ಚಿಲ್ಲದೆ ಸಿಗುವ ಮಾಹಿತಿ ಇದು, ಯಾರೂ ಕೇಳುವುದೇ ಇಲ್ಲ. ಆಮೇಲೆ ಸರಳುಗಳ ಅಂತರ ಬದಲಿಸದೆ ಹೊಲದ ಉದ್ದಕ್ಕೂ ನಡೆದು ಅಳೆಯಬೇಕು. ಅಳತೆ ಎಲ್ಲಿ ಇಳಿಯುತ್ತದೋ ಅಲ್ಲಿ ಮಾತ್ರ ಆಳದ ಸರ್ವೆ. ಒಂದೇ ಜಾಗದಲ್ಲಿ ತಂತಿ ಎಳೆದು "ಇಲ್ಲೇ" ಅಂದರೆ, ಎಲ್ಲಿಗೆ ಹೋಲಿಸಿ ಹೇಳಿದಿರಿ ಎಂದು ಕೇಳಿ. ತಂತಿ ಬೇಲಿ, ಕಬ್ಬಿಣದ ಪೈಪು, ಹಳೇ ಕೇಸಿಂಗ್ ಪಕ್ಕ ಸರಳು ಹೊಡೆಯಲು ಬಿಡಬೇಡಿ. ಕರೆಂಟ್ ನೆಲ ಬಿಟ್ಟು ಕಬ್ಬಿಣ ಹಿಡಿದು ಓಡುತ್ತದೆ. ಬೇಸಿಗೆಯಲ್ಲಿ ಒಣ ನೆಲಕ್ಕೆ ಕರೆಂಟ್ ಇಳಿಯುವುದಿಲ್ಲ, ಆಗ ಸರಳಿನ ಬುಡಕ್ಕೆ ಉಪ್ಪುನೀರು ಹೊಯ್ಯುತ್ತೇವೆ. ಅದನ್ನು ನೋಡಿ ಮೋಸ ಅಂದುಕೊಳ್ಳಬೇಡಿ, ಅದು ಸರಿಯಾದ ಕ್ರಮ.

ಮೀಟರ್ ಒಂದನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ನಾನು ಶಿರಾ ಕಡೆಯ ಒಂದು ಹೊಲದಲ್ಲಿ ಕಲಿತೆ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಒಂದು ಮೂಲೆಯಲ್ಲಿ ಅಳತೆ 12 ಓಮ್-ಮೀಟರ್‌ಗೆ ಇಳಿಯಿತು. ಇಷ್ಟು ಕಡಿಮೆ ಅಂದಮೇಲೆ ನೀರು ತುಂಬಿದೆ ಅಂದುಕೊಂಡು ಕಲ್ಲು ಇಡಿಸಿದೆ. ಗಾಡಿ ಬಂತು. ನಲವತ್ತು ಅಡಿಯವರೆಗೆ ಬಂದದ್ದು ಬರೀ ಜೇಡಿ ಮಣ್ಣು, ಬಿಟ್‌ಗೆ ಹಿಟ್ಟಿನ ಹಾಗೆ ಅಂಟಿಕೊಳ್ಳುತ್ತಿತ್ತು. ಅದರ ಕೆಳಗೆ ಹಾಸು ಬಂಡೆ. ಸಂಜೆಯವರೆಗೂ ಬೋರ್ ಬಾಯಿಂದ ಬಿಳಿ ಧೂಳು ಏಳುತ್ತಲೇ ಇತ್ತು. ಆ ಮನೆಯ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಧೂಳು ಕೆಸರಾಗುವುದನ್ನೇ ಕಾಯುತ್ತಾ ನಿಂತಿದ್ದರು. ಆಗಲಿಲ್ಲ. ಜೇಡಿ ಮಣ್ಣಿನಲ್ಲೂ ಕರೆಂಟ್ ಸಲೀಸಾಗಿ ಹರಿಯುತ್ತದೆ, ಉಪ್ಪು ನೆಲದಲ್ಲೂ ಹರಿಯುತ್ತದೆ. ಪುಸ್ತಕದಲ್ಲಿ ಓದಿದ್ದೆ, ಹೊಲದಲ್ಲಿ ಮರೆತಿದ್ದೆ. ಪಕ್ಕದ ಹೊಲದ ಬಾವಿಯನ್ನು ಒಮ್ಮೆ ಬಗ್ಗಿ ನೋಡಿದ್ದರೆ ಆ ಜೇಡಿ ಪದರ ಕಣ್ಣಿಗೇ ಕಾಣುತ್ತಿತ್ತು. ಅಂದಿನಿಂದ ಬಾವಿ ನೋಡದೆ ಪಾಯಿಂಟ್ ಕೊಟ್ಟಿಲ್ಲ.

ದೊಡ್ಡ ಪ್ರದೇಶಕ್ಕಾದರೆ ಬೇರೆ ದಾರಿ ಇದೆ. ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನದಲ್ಲಿ ಹೆಲಿಕಾಪ್ಟರ್‌ಗೆ ದೊಡ್ಡ ತಂತಿಯ ಬಳೆ ತೂಗುಹಾಕಿ ಸರ್ವೆ ಮಾಡಿದ್ದಾರೆ. ಕೇಂದ್ರ ಅಂತರ್ಜಲ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ (ಎನ್‌ಜಿಆರ್‌ಐ) ಸೇರಿ ಮಾಡಿದ ಕೆಲಸ ಅದು. ಬಳೆಯಲ್ಲಿ ಕರೆಂಟ್ ಹರಿಸಿ ತಟ್ಟನೆ ನಿಲ್ಲಿಸಿದರೆ ನೆಲದೊಳಗೆ ಸಣ್ಣ ಕರೆಂಟ್‌ಗಳು ಹುಟ್ಟಿ ಆರುತ್ತವೆ. ಆರುವ ವೇಗ ನೋಡಿ ಕೆಳಗಿನ ಪದರಗಳನ್ನು ಊಹಿಸುತ್ತಾರೆ. ಒಬ್ಬ ರೈತನ ಪಾಯಿಂಟ್‌ಗೆ ಇದು ಆಗುವ ಮಾತಲ್ಲ. ನೀವು ಜಿಲ್ಲೆಯ ಅಂತರ್ಜಲ ಕಚೇರಿಯ ಭೂವಿಜ್ಞಾನಿಯನ್ನು ಮೊದಲು ಕಾಣಿ. ಅಧಿಸೂಚಿತ ತಾಲ್ಲೂಕುಗಳಲ್ಲಿ ಹೊಸ ಬೋರ್‌ಗೆ 2011ರ ಕಾಯ್ದೆಯ ಪ್ರಕಾರ ಅನುಮತಿಯೂ ಬೇಕು, ಅದನ್ನೂ ಅಲ್ಲೇ ವಿಚಾರಿಸಬಹುದು.

ಇನ್ನೊಂದು ಮಾತು. ಆ ಮೂರು ಫೇಲ್ ಆದ ಬೋರ್‌ಗಳ ಬಾಯಿ ಮುಚ್ಚಿಸಿದ್ದೀರಾ? ಮೇಲೆ ಚಪ್ಪಡಿ ಇಟ್ಟರೆ ಸಾಲದು. ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ತುಂಬಿಸಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಸ ಪಾಯಿಂಟ್ ಆಮೇಲೆ ನೋಡೋಣ, ದಯವಿಟ್ಟು ಇದನ್ನು ಈ ವಾರವೇ ಮಾಡಿಸಿ.

ಪ್ರಶ್ನೆ: ನಮ್ಮ ತಾತ ತೆಂಗಿನಕಾಯಿ ಹಿಡಿದು ಪಾಯಿಂಟ್ ಹೇಳುತ್ತಿದ್ದರು. ಎಷ್ಟೋ ಕಡೆ ನೀರು ಬಂದಿದೆ. ಅದು ಸುಳ್ಳಾ?

ನಿಮ್ಮ ತಾತ ಸುಳ್ಳು ಹೇಳಿರಲಿಕ್ಕಿಲ್ಲ. ಕಾಯಿ ಎದ್ದು ನಿಲ್ಲುವುದು ಅವರಿಗೇ ನಿಜ ಅನ್ನಿಸಿರುತ್ತದೆ. ಆದರೆ ಕಾಯಿಗೂ ಕಡ್ಡಿಗೂ ನೀರು ಗೊತ್ತಾಗುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. 1987-88ರಲ್ಲಿ ಜರ್ಮನಿಯ ಮ್ಯೂನಿಕ್ ಬಳಿ ಒಂದು ಕೊಟ್ಟಿಗೆಯಲ್ಲಿ ಪರೀಕ್ಷೆ ನಡೆಯಿತು. ಕೆಳಗೆ ನೀರು ಹರಿಯುವ ಪೈಪನ್ನು ಬೇರೆ ಬೇರೆ ಜಾಗಕ್ಕೆ ಸರಿಸುತ್ತಿದ್ದರು. ಮೇಲಿನ ಮಹಡಿಯಲ್ಲಿ ಕಡ್ಡಿ ಹಿಡಿದವರು ಪೈಪ್ ಎಲ್ಲಿದೆ ಎಂದು ಹೇಳಬೇಕು. ಕೆಲವರಿಗೆ ಆ ಶಕ್ತಿ ಇದೆ ಎಂದು ಪರೀಕ್ಷೆ ನಡೆಸಿದವರೇ ವಾದಿಸಿದರು. ಅದೇ ಅಂಕಿಗಳನ್ನು ಮತ್ತೆ ಜಾಲಾಡಿದ ವಿಜ್ಞಾನಿ ಜಿಮ್ ಎನ್‌ರೈಟ್, ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಹೆಚ್ಚೇನೂ ಅಲ್ಲ ಎಂದು ತೋರಿಸಿದರು.

ಆದರೂ ಹಳಬರ ಕಣ್ಣನ್ನು ನಾನು ತಳ್ಳಿಹಾಕುವುದಿಲ್ಲ. ಊರಿನ ಹಳ್ಳ ಎಲ್ಲಿ ತಿರುಗುತ್ತದೆ, ಬೇಸಿಗೆಯಲ್ಲೂ ಯಾವ ಮರ ಹಸಿರಾಗಿರುತ್ತದೆ, ಹುತ್ತ ಎಲ್ಲಿ ಏಳುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. 6ನೇ ಶತಮಾನದ ವರಾಹಮಿಹಿರನೂ ಬೃಹತ್ಸಂಹಿತೆಯಲ್ಲಿ ಮರ, ಹುತ್ತ ನೋಡಿ ನೀರು ಹುಡುಕುವ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದಾನೆ. ಅವನ ಎಲ್ಲ ಮಾತೂ ಸರಿ ಅಂತಲ್ಲ. ಆದರೆ ಗೆದ್ದಲು ಆಳದ ಮಣ್ಣನ್ನು ಮೇಲೆ ತರುವುದು ನಿಜ. ಆಫ್ರಿಕಾದಲ್ಲಿ ಚಿನ್ನ ಹುಡುಕುವವರು ಇವತ್ತಿಗೂ ಹುತ್ತದ ಮಣ್ಣನ್ನು ಲ್ಯಾಬ್‌ಗೆ ಕಳಿಸುತ್ತಾರೆ.

ಪ್ರಶ್ನೆ: ನಮ್ಮೂರ ಹಳ್ಳಕ್ಕೆ ಸರ್ಕಾರದ ಜೀಪ್ ಬಂದಿತ್ತು. ಮರಳು ಜರಡಿ ಹಿಡಿದು, ಸಣ್ಣ ಚೀಲಕ್ಕೆ ತುಂಬಿ, ನಂಬರ್ ಬರೆದುಕೊಂಡು ಹೋದರು. ಕೆಳಗೆ ಚಿನ್ನ ಇದೆ, ಜಮೀನು ಹೋಗುತ್ತದೆ ಎಂದು ಊರಲ್ಲಿ ಗುಲ್ಲಾಗಿದೆ. ನಿಜವಾ?

ಮರಳು ಒಯ್ದರೆಂದು ಗಾಬರಿಯಾಗಬೇಡಿ. ನೀವು ಹೇಳಿದ ರೀತಿ ನೋಡಿದರೆ ಅದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಇಡೀ ದೇಶದಲ್ಲಿ ಮಾಡುತ್ತಿರುವ ರಾಸಾಯನಿಕ ನಕ್ಷೆಯ ಕೆಲಸ ಇರಬೇಕು. ಚದರ ಕಿಲೋಮೀಟರ್‌ಗೆ ಒಂದು ಮಾದರಿ ತೆಗೆಯುತ್ತಾರೆ. ನಾಲ್ಕನ್ನು ಬೆರೆಸಿ ಒಂದು ಮಾಡಿ ಪರೀಕ್ಷೆಗೆ ಕಳಿಸುತ್ತಾರೆ. 60ಕ್ಕೂ ಹೆಚ್ಚು ಧಾತುಗಳನ್ನು ನೋಡುತ್ತಾರೆ. ಚಿನ್ನ ಇರಲಿ ಬಿಡಲಿ, ಎಲ್ಲ ಊರಿಗೂ ಬರುತ್ತಾರೆ.

ಹಳ್ಳವೇ ಯಾಕೆ? ಮೇಲಿನ ಗುಡ್ಡ, ದಿಣ್ಣೆ, ಹೊಲ ಎಲ್ಲದರ ಪುಡಿ ಮಳೆಯಲ್ಲಿ ಕೊಚ್ಚಿಕೊಂಡು ಬಂದು ಸೇರುವುದು ಹಳ್ಳಕ್ಕೆ. ಒಂದು ಹಿಡಿ ಮರಳಿನಲ್ಲಿ ಇಡೀ ಜಲಾನಯನದ ಬಂಡೆಗಳ ಗುರುತು ಸಿಗುತ್ತದೆ. ಒಂದು ಕಡೆ ಅಂಶ ಜಾಸ್ತಿ ಕಂಡರೆ ಹಳ್ಳ ಹಿಡಿದು ಮೇಲಕ್ಕೆ ನಡೆಯುತ್ತಾ, ಎಲ್ಲಿಂದ ಬಂತು ಎಂದು ಹುಡುಕುತ್ತಾರೆ. ಚಿನ್ನವನ್ನೇ ನೇರ ಹುಡುಕುವುದು ಕಷ್ಟ. ಹಟ್ಟಿಯಂಥ ಗಣಿಯಲ್ಲೂ ಒಂದು ಟನ್ ಅದಿರಿಗೆ ಸಿಗುವುದು ಕೆಲವೇ ಗ್ರಾಂ. ಹಾಗಾಗಿ ಎಷ್ಟೋ ಕಡೆ ಚಿನ್ನದ ಜೊತೆಗಿರುವ ಆರ್ಸೆನಿಕ್‌ನ ಜಾಡು ಹಿಡಿಯುತ್ತಾರೆ. ಮಣ್ಣಿನಲ್ಲಿ ಅದು ಅಗಲವಾಗಿ ಹರಡಿರುತ್ತದೆ, ಬೇಗ ಕಣ್ಣಿಗೆ ಬೀಳುತ್ತದೆ.

ಅಂಶ ಕಂಡ ಮಾತ್ರಕ್ಕೆ ಗಣಿ ಆಗುವುದಿಲ್ಲ. ಮಂಡ್ಯ ಜಿಲ್ಲೆಯ ಮರ್ಲಗಾಲ ನೆನಪಿದೆಯಾ? 2020ರಲ್ಲಿ ಅಲ್ಲಿ 14,100 ಟನ್ ಲಿಥಿಯಂ ಇದೆ ಎಂದು ದೊಡ್ಡ ಸುದ್ದಿಯಾಯಿತು. ಪರಮಾಣು ಖನಿಜ ನಿರ್ದೇಶನಾಲಯದ ಲೆಕ್ಕ ಆಮೇಲೆ ಬಂದು ನಿಂತದ್ದು 1,600 ಟನ್‌ಗೆ. ಮೊದಲ ಅಂದಾಜಿಗೂ ಕೊರೆದು ನೋಡಿದ ಲೆಕ್ಕಕ್ಕೂ ಇಷ್ಟು ದೂರ ಇರಬಹುದು. ಹಳ್ಳದ ಮರಳು ಅದಕ್ಕೂ ಎಷ್ಟೋ ಹಿಂದಿನ ಹೆಜ್ಜೆ. ಇಂಥ ಗುಲ್ಲು ನಂಬಿ ಕಡಿಮೆ ರೇಟಿಗೆ ಯಾರೂ ಜಮೀನು ಮಾರಬೇಡಿ. ಊರಿನವರಿಗೆ ಇದನ್ನು ದಯವಿಟ್ಟು ಹೇಳಿ.

ಪ್ರಶ್ನೆ: 900 ಅಡಿ ಬೋರ್‌ನ ನೀರು ಕನ್ನಡಿಯಂತಿದೆ. ಆದರೆ ಮಗಳ ಹಲ್ಲಿನ ಮೇಲೆ ಕಂದು ಗೆರೆ ಬಂದಿದೆ. ಕುದಿಸಿ ಕುಡಿದರೆ ಸಾಕಾ?

ಸಾಲದು. ಆ ಕಂದು ಗೆರೆ ನೀರಿನಲ್ಲಿರುವ ಫ್ಲೋರೈಡ್‌ನಿಂದ ಬಂದಿರಬಹುದು. ಫ್ಲೋರೈಡ್ ಇದ್ದರೆ ಕುದಿಸಿದಷ್ಟೂ ನೀರು ಆವಿಯಾಗಿ ಅದರ ಪ್ರಮಾಣ ಹೆಚ್ಚುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ನಮ್ಮ ಗ್ರಾನೈಟ್‌ನ ಖನಿಜಗಳಲ್ಲೇ ಫ್ಲೋರೈಡ್ ಇದೆ. ಆಳದ ನೀರು ಬಂಡೆಯ ಜೊತೆ ಬಹಳ ಕಾಲ ಇದ್ದು ಅದನ್ನು ಕರಗಿಸಿಕೊಂಡು ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪುತ್ತಾರೆ. ಮಗಳನ್ನು ಹಲ್ಲಿನ ಡಾಕ್ಟರಿಗೆ ತೋರಿಸಿ. ಪರೀಕ್ಷೆಯ ಫಲ ಬರುವವರೆಗೆ ಮಳೆನೀರು ಅಥವಾ ಆರ್‌ಒ ನೀರು ಕುಡಿಸಿ, ಅಡುಗೆಗೂ ಅದನ್ನೇ ಬಳಸಿ. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ತೊಂದರೆ ಇಲ್ಲ.

ಮಾದರಿ ತೆಗೆಯುವಾಗ ಮೋಟಾರ್ ಹಾಕಿ ಹದಿನೈದು ನಿಮಿಷ ನೀರು ಹರಿಯಲು ಬಿಡಿ. ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ತೊಳೆದು ಒಂದು ಲೀಟರ್ ತುಂಬಿ. ಬಾಟಲಿ ಪ್ಲಾಸ್ಟಿಕ್‌ನದೇ ಇರಲಿ. ಫ್ಲೋರೈಡ್ ಗಾಜಿನ ಜೊತೆ ಪ್ರತಿಕ್ರಿಯಿಸುತ್ತದೆ, ಲೆಕ್ಕ ತಪ್ಪಬಹುದು. ಮೇಲೆ ಊರು, ಬೋರ್‌ನ ಆಳ, ತುಂಬಿದ ದಿನಾಂಕ ಬರೆದು ಜಿಲ್ಲಾ ನೀರು ಪರೀಕ್ಷಾ ಲ್ಯಾಬ್‌ಗೆ ಕೊಡಿ.