ಗೋಡೆಯ ಮೇಲಿನ ಗುರಿ, ಸಂಜೆಯ ಐದು ಲೆಕ್ಕ

ಪ್ರಶ್ನೆ: ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಜೂನ್‌ನಲ್ಲಿ ಹತ್ತನೇ ತರಗತಿಯ ಮಕ್ಕಳಿಂದ ‘ನನ್ನ ಗುರಿ’ ಬರೆಸಿ ಗೋಡೆಗೆ ಅಂಟಿಸಿದೆ. ಡಾಕ್ಟರ್, ಐಎಎಸ್, ‘ಎಸ್ಸೆಸ್ಸೆಲ್ಸಿಯಲ್ಲಿ 600 ದಾಟಬೇಕು’ ಎಂದೆಲ್ಲ ಬರೆದರು. ಅರ್ಧವಾರ್ಷಿಕ ಪರೀಕ್ಷೆಯೂ ಮುಗಿಯಿತು, ಓದುವ ರೀತಿ ಯಾರದೂ ಬದಲಾಗಿಲ್ಲ. ಎಲ್ಲಿ ತಪ್ಪಿದೆ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮೇಡಂ, ಗೋಡೆಯ ಮೇಲಿರುವುದು ಮಕ್ಕಳ ಆಸೆ. ಅದು ಇರಲಿ, ಕೀಳಬೇಡಿ. ಆದರೆ ಇವತ್ತು ಸಂಜೆ ಏನು ಮಾಡಬೇಕೆಂದು ಆ ಚೀಟಿ ಹೇಳುವುದಿಲ್ಲ. ಹತ್ತು ವಾರದೊಳಗೆ ಮುಗಿಯುವಂಥ, ಆಯಿತೋ ಇಲ್ಲವೋ ಎಂದು ಮಗುವೇ ನೋಡಿ ಹೇಳಬಹುದಾದ ಒಂದು ಗುರಿ ಬೇಕು. ಅದನ್ನು ತಿದ್ದಿ ಕೊಟ್ಟ ಉತ್ತರಪತ್ರಿಕೆಯಲ್ಲಿ ಹುಡುಕಿ.

80 ಅಂಕದ ಪತ್ರಿಕೆಯಲ್ಲಿ ಒಬ್ಬಳಿಗೆ 38 ಬಂದಿದೆ ಎನ್ನಿ. ಹೋದ 42 ಅಂಕ ಎಲ್ಲೆಲ್ಲಿ ಹೋದವೆಂದು ಅವಳಿಂದಲೇ ಲೆಕ್ಕ ಹಾಕಿಸಿ. ಪ್ರತಿ ತಪ್ಪಿನ ಪಕ್ಕ ಪೆನ್ಸಿಲಿನಲ್ಲಿ ಒಂದಕ್ಷರ: ಪಾಠವೇ ತಿಳಿದಿಲ್ಲದಿದ್ದರೆ ‘ಪ’, ಗಮನ ತಪ್ಪಿದ್ದರೆ ‘ಗ’, ಸಮಯ ಸಾಲದೆ ಬಿಟ್ಟಿದ್ದರೆ ‘ಸ’. ಒಂದು ಪಿರಿಯಡ್ ಸಾಕು. ನಕ್ಷೆ ಎಳೆದು ಸಮೀಕರಣ ಬಿಡಿಸುವ ಲೆಕ್ಕವನ್ನೇ ನೋಡಿ: ಕೋಷ್ಟಕ ಸರಿ, ಎರಡೂ ಗೆರೆ ಸರಿ, ಸ್ಕೇಲ್ ಬರೆದಿಲ್ಲ, ಗೆರೆಗಳು ಕೂಡುವ ಬಿಂದುವಿನಿಂದ ಎಕ್ಸ್, ವೈ ಬೆಲೆ ಎತ್ತಿ ಬರೆದಿಲ್ಲ. ಇದು ‘ಗ’. ‘ನಂಗೆ ಗಣಿತ ಬರಲ್ಲ’ ಎನ್ನುವ ಈ ಹುಡುಗಿಗೆ ಗಣಿತ ಬರುತ್ತದೆ; ಬಿಡಿಸಿದ ಮೇಲೆ ತಿರುಗಿ ನೋಡುವ ರೂಢಿ ಇಲ್ಲ, ಅಷ್ಟೆ. ಅದು ಅವಳ ಕಣ್ಣಿಗೇ ಕಾಣುವುದು ದೊಡ್ಡ ವಿಷಯ.

ಲೆಕ್ಕದಲ್ಲಿ ‘ಪ’ 19, ‘ಗ’ 14, ‘ಸ’ 9 ಬಂತೆನ್ನಿ. ‘ಗ’ದಿಂದ 8, ತಿಳಿಯದ ಎರಡು ಪಾಠಗಳಿಂದ 6 ಅಂಕ ವಾಪಸ್ ತರಬಹುದು. ಆಗ ಗುರಿ 52. ಬೇಗ ಕೈಗೆ ಬರುವುದು ‘ಗ’, ಅಲ್ಲಿಂದಲೇ ಶುರು ಮಾಡಿಸಿ. ಎಲ್ಲರಿಗೂ 70 ಎಂದು ನೀವೇ ನಿಗದಿ ಮಾಡಿದರೆ 38ರ ಮಗು ಮೊದಲ ವಾರವೇ ಕೈಚೆಲ್ಲುತ್ತದೆ.

‘ದಿನಾ ಗಣಿತ ಮಾಡುತ್ತೇನೆ’ ಎಂಬ ವಾಕ್ಯವನ್ನು ಒಪ್ಪಬೇಡಿ. ‘ಸೋಮ, ಬುಧ, ಶುಕ್ರವಾರ ಡೈರಿಗೆ ಹಾಲು ಹಾಕಿ ಬಂದ ಕೂಡಲೇ ಪಡಸಾಲೆಯಲ್ಲಿ ಕೂತು ಐದು ಲೆಕ್ಕ’ ಎಂದಿರಲಿ. ಯಾವಾಗ, ಎಲ್ಲಿ, ಹೇಗೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡವರು ಹೆಚ್ಚು ಬಾರಿ ಕೆಲಸಕ್ಕಿಳಿಯುತ್ತಾರೆ ಎಂಬುದನ್ನು ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ 1999ರಲ್ಲೇ ವಿವರಿಸಿದ್ದಾರೆ. ಅಡ್ಡಿಗೂ ಒಂದು ಸಾಲು ಬೇಕು: ‘ಗೋವಿನಜೋಳ ಮುರಿಯುವ ವಾರ ಹೊಲಕ್ಕೆ ಹೋದರೆ, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಎರಡೇ ಲೆಕ್ಕ.’ ಈ ಸಾಲು ಇಲ್ಲದ ಮಗು ಒಂದು ದಿನ ತಪ್ಪಿದ ಕೂಡಲೇ ‘ನನ್ನಿಂದ ಆಗಲ್ಲ’ ಎಂದು ಪೂರ್ತಿ ಬಿಟ್ಟುಬಿಡುತ್ತದೆ.

40 ಮಕ್ಕಳನ್ನು ಒಬ್ಬರೇ ವಿಚಾರಿಸುವುದು ಹೇಗೆ? ದಿನಕ್ಕೆ ಎಂಟು ಮಕ್ಕಳು, ತಲಾ ಮೂರು ನಿಮಿಷ. 24 ನಿಮಿಷದಂತೆ ಐದು ದಿನಕ್ಕೆ ಎಲ್ಲರದೂ ಮುಗಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡಿ. ‘ಯಾಕೆ ಮಾಡಿಲ್ಲ?’ ಎನ್ನದೆ ‘ಎಲ್ಲಿ ನಿಂತಿತು?’ ಎಂದು ಕೇಳಿ. ಯಾರು ಎಷ್ಟು ಮಾಡಿದರೆಂಬ ಪಟ್ಟಿಯನ್ನು ಮಾತ್ರ ಗೋಡೆಗೆ ಹಾಕಬೇಡಿ. ಹಿಂದುಳಿದವರು ಸುಳ್ಳು ಬರೆಯಲು ಕಲಿಯುತ್ತಾರೆ.

ಪ್ರಶ್ನೆ: ಮಗ ಬೆಳಿಗ್ಗೆ 4.30ರಿಂದ ರಾತ್ರಿ 11ರವರೆಗೆ ಟೈಮ್‌ಟೇಬಲ್ ಹಾಕುತ್ತಾನೆ, ಮೂರನೇ ದಿನ ಬಿಡುತ್ತಾನೆ. ಸೋಮಾರಿತನವೇ?
– ತಾಯಿ, ಮೈಸೂರು

ಉತ್ತರ: ಅಲ್ಲಮ್ಮ, ಅಳತೆ ತಪ್ಪಿದೆ. ಒಂದು ಕೆಲಸಕ್ಕೆ ಬೇಕಾದ ಸಮಯವನ್ನು ಕಡಿಮೆ ಅಂದಾಜು ಮಾಡುವುದು ಮನುಷ್ಯರ ಸಹಜ ತಪ್ಪು. ಮೂರು ದಿನ ಟೈಮ್‌ಟೇಬಲ್ ಬೇಡ. ಏನು ಓದಿದ, ಎಷ್ಟು ಹೊತ್ತು ಹಿಡಿಯಿತು ಎಂದಷ್ಟೇ ಬರೆದಿಡಲಿ. ವಿಜ್ಞಾನದ ಒಂದು ಪಾಠ ‘ಒಂದು ಗಂಟೆ’ ಎಂದುಕೊಂಡದ್ದು ಎರಡೂಕಾಲು ಗಂಟೆ ಹಿಡಿದಿರುವುದು ಅವನಿಗೇ ಕಾಣುತ್ತದೆ. ಆಮೇಲೆ ಶಾಲೆಯ ದಿನಗಳಲ್ಲಿ ಎರಡು ಗಂಟೆ ಮಾತ್ರ ಗಟ್ಟಿ ಮಾಡಿ. ಭಾನುವಾರ ಮಧ್ಯಾಹ್ನ ಖಾಲಿ ಇರಲಿ, ವಾರದ ಬಾಕಿ ಅಲ್ಲಿ ತೀರಲಿ. ನಿದ್ದೆ ಕತ್ತರಿಸಿ ಹೊಂದಿಸಿದ ಯೋಜನೆ ಯಾವುದೂ ಉಳಿಯುವುದಿಲ್ಲ.

ಪ್ರಶ್ನೆ: ಒಂಬತ್ತನೇ ತರಗತಿ. ಎಲ್ಲರೂ ಗುರಿ ಏನು ಎಂದು ಕೇಳುತ್ತಾರೆ. ನನಗೆ ಯಾವುದೂ ಇಲ್ಲ.
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಈ ವಯಸ್ಸಿಗೆ ಅದು ತಪ್ಪೇನಲ್ಲ, ಪುಟ್ಟಿ. ಸದ್ಯಕ್ಕೆ ಹುಡುಕುವುದೇ ಗುರಿಯಾಗಲಿ. ಹತ್ತನೇ ತರಗತಿ ಆದ ಮೇಲೆ ಎರಡು ವರ್ಷದ ಪಿಯುಸಿ ಇದೆ, ಮೂರು ವರ್ಷದ ಡಿಪ್ಲೊಮಾ ಇದೆ, ಒಂದೆರಡು ವರ್ಷದ ಐಟಿಐ ಇದೆ. ದಸರಾ ರಜೆಯಲ್ಲಿ ಈ ಮೂರೂ ದಾರಿಯಲ್ಲಿ ಹೋದ ಒಬ್ಬೊಬ್ಬರನ್ನು, ಅಮ್ಮನನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು ಹೋಗಿ ಮಾತಾಡಿಸು. ‘ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಕೆಲಸ ಮಾಡ್ತೀರಿ? ಅದರಲ್ಲಿ ಬೇಸರದ್ದು ಯಾವುದು?’ ಎಂದು ಕೇಳು. ಉತ್ತರಗಳನ್ನು ಬರೆದಿಟ್ಟುಕೋ. ಯಾವ ಬೇಸರವನ್ನು ನೀನು ತಡೆದುಕೊಳ್ಳಬಲ್ಲೆ ಎಂಬುದು ಅಲ್ಲಿ ಗೊತ್ತಾಗುತ್ತದೆ.