‘ಈ ವಯಸ್ಸಲ್ಲಿ ಅಂದ ಚೆಂದ ಯಾಕೆ’ ಅಂದರಂತೆ

(ಹೆಸರು, ಕೆಲವು ವಿವರ ಬದಲಿಸಿದ್ದೇನೆ.)

ಸುಮಾ ಅನ್ನೋಣ. ವಯಸ್ಸು 48, ಹೈಸ್ಕೂಲ್ ಟೀಚರ್. ನಿದ್ದೆ ಬರುತ್ತಿಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದವರು. ಮಾತಾಡುತ್ತಾ ಹೋದಂತೆ ಗೊತ್ತಾಯಿತು, ಎಷ್ಟೋ ತಿಂಗಳಿಂದ ಅವರು ಒಂದು ಮದುವೆಗೂ ಹೋಗಿಲ್ಲ, ತಮ್ಮನ ಮನೆ ಗೃಹಪ್ರವೇಶವನ್ನೂ ತಲೆನೋವಿನ ನೆಪ ಹೇಳಿ ತಪ್ಪಿಸಿಕೊಂಡಿದ್ದಾರೆ, ಯಾಕಂದರೆ ರೇಷ್ಮೆ ಸೀರೆಯ ಬ್ಲೌಸ್ ಒಂದೂ ಆಗುತ್ತಿಲ್ಲ, ಬೈತಲೆ ಅಗಲವಾಗಿ ನೆತ್ತಿ ಕಾಣುತ್ತಿದೆ. "ಏನ್ರೀ ಇಷ್ಟು ದಪ್ಪ ಆಗಿದ್ದೀರಿ ಅಂತ ಯಾರಾದ್ರೂ ಕೇಳಿಬಿಟ್ರೆ ಮೇಡಂ?"

ಗಂಡ ಕೆಟ್ಟವರಲ್ಲ. ಆದರೆ "ಈ ವಯಸ್ಸಲ್ಲಿ ಯಾರಿಗೆ ತೋರಿಸಬೇಕು ನೀನು?" ಅಂದರಂತೆ. ಈ ಮಾತಿಗೆ ನನಗೆ ಸಿಟ್ಟು ಬರುತ್ತದೆ. ಹುಡುಗಿ ಕನ್ನಡಿ ಮುಂದೆ ಅತ್ತರೆ ವಯಸ್ಸಿನ ಆಟ ಅನ್ನುತ್ತಾರೆ, ಬಾಣಂತಿ ಅತ್ತರೆ ಸುಸ್ತು ಅನ್ನುತ್ತಾರೆ, ಮುಟ್ಟು ನಿಲ್ಲುವ ವಯಸ್ಸಿನವರಿಗೆ ಅಳುವ ಹಕ್ಕೇ ಇಲ್ಲ. ಈಸ್ಟ್ರೊಜೆನ್ ಅನ್ನುವ ಹಾರ್ಮೋನ್ ಏರುಪೇರಾಗಿ ಇಳಿಯುವ ಈ ವರ್ಷಗಳಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಕೂದಲು ತೆಳ್ಳಗಾಗುತ್ತದೆ, ನಿದ್ದೆ ಕೆಡುತ್ತದೆ, ಖಿನ್ನತೆ ಬರುವ ಸಾಧ್ಯತೆಯೂ ಜಾಸ್ತಿ.

ಬೇಸರ ಎರಡು ವಾರ ದಾಟಿ ಎಷ್ಟೋ ಕಾಲವಾಗಿತ್ತು. ಇಷ್ಟದ ರಂಗೋಲಿ, ಪಾಠ ಯಾವುದೂ ಬೇಕಿರಲಿಲ್ಲ. ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. "ಬೆಳಿಗ್ಗೆ ಏಳದಿದ್ರೇ ಚೆನ್ನಾಗಿತ್ತು ಅನ್ಸುತ್ತೆ" ಅಂದರು.

ಹಾಗಾಗಿ ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಮಾಡಿಸಲು ಹೇಳಿದೆ, ಇವು ಕೆಟ್ಟರೂ ಮನಸ್ಸು ಕುಗ್ಗುತ್ತದೆ. ಮನೋವೈದ್ಯರು ಕೊಡುವ ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು, ನಡುವೆ ಬಿಡಬೇಡಿ ಅಂದೆ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಬ್ಲೌಸ್ ವಿಷಯಕ್ಕೆ ಜಾಸ್ತಿ ಹೊತ್ತು ಕೂತೆವು. ಸಣ್ಣ ಆದಮೇಲೆ ಹಾಕ್ತೀನಿ ಅಂತ ಹಳೇದನ್ನೆಲ್ಲ ಮಡಚಿಟ್ಟಿದ್ದರು. ಈಗಿನ ಅಳತೆ ಕೊಟ್ಟು ಎರಡು ಹೊಲಿಸಿ, ಬಟ್ಟೆ ಇರುವ ಕಡೆ ಪಕ್ಕದ ಹೊಲಿಗೆ ಬಿಚ್ಚಿಸಿ ಅಂದೆ. ವಾಕಿಂಗ್ ಹೋಗಿ, ಆದರೆ ತೂಕ ನೋಡಬೇಡಿ. ಮದುವೆಗೆ ಮುಹೂರ್ತದ ಹೊತ್ತಿಗೆ ಹೋಗಿ, ಊಟ ಮುಗಿಸಿ ಬನ್ನಿ, ಅಷ್ಟು ಸಾಕು. ಗಂಡನಿಗೆ ಹೇಳಿದ್ದು ಒಂದೇ: ಅವರ ಮೈ ಬಗ್ಗೆ ತಮಾಷೆಗೂ ಮಾತು ಬೇಡ.

ಈಗ ನಿದ್ದೆ ಬರುತ್ತಿದೆ, ಒಂದು ಸೀಮಂತಕ್ಕೆ ಹೋಗಿ ಬಂದರು. ಫೋಟೋಗೆ ಮಾತ್ರ ಇನ್ನೂ ನಿಲ್ಲುವುದಿಲ್ಲ. ಹೊರಡುವಾಗ ಒಮ್ಮೆ, ಪಿಯುಸಿ ಓದುವ ಮಗಳು ರಾತ್ರಿ ಊಟ ಬಿಟ್ಟಿದ್ದಾಳೆ ಅಂತ ಸುಮ್ನೆ ಹೇಳಿದರು. ಅಮ್ಮ ತನ್ನ ಮೈಯನ್ನು ಬೈದುಕೊಳ್ಳುವುದನ್ನು ಅವಳು ದಿನಾ ಕೇಳುತ್ತಿದ್ದಳು ಅಲ್ವಾ? ಅವಳನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.