ಲ್ಯಾಪ್ ಸ್ಟೀಲ್ ಗಿಟಾರ್‌ಗೆ ಲಿವರ್ ಹಾಕಿಸಬಹುದಾ? ಯಾವ ತಂತಿಗಳಿಗೆ?

ನಿಮ್ಮ ಹತ್ತಿರ ಆರು ತಂತಿಯ ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್ (ತೊಡೆಯ ಮೇಲಿಟ್ಟು ಉಕ್ಕಿನ ಬಾರ್ ಸರಿಸಿ ನುಡಿಸುವ ಗಿಟಾರ್) ಇದೆ, ಓಪನ್ ಡಿ ಟ್ಯೂನಿಂಗ್, ಅಂದರೆ ಬಾರ್ ಇಡದೆ ಮೀಟಿದರೆ ಡಿ ಮೇಜರ್. ಪೆಡಲ್ ಒತ್ತಿ ಒಂದೊಂದು ತಂತಿಯ ಶ್ರುತಿ ಬದಲಿಸುವ ಪೆಡಲ್ ಸ್ಟೀಲ್ ಕೊಳ್ಳದೆಯೇ ಅದರ ನಾದ ಬೇಕು, ಅಲ್ವಾ? ತಂತಿಯನ್ನು ಎಳೆದು ಶ್ರುತಿ ಏರಿಸುವ ಲಿವರ್ ಧಾರಾಳವಾಗಿ ಹಾಕಿಸಿ. ಆದರೆ ಆರಕ್ಕೂ ಬೇಡ. ತೆಳು ತಂತಿಯ ಕಡೆಯಿಂದ ಎಣಿಸಿದರೆ ಎರಡನೇ ತಂತಿ, ಮೂರನೇ ತಂತಿ, ಇಷ್ಟಕ್ಕೇ ಸಾಕು.

ಸ್ಟೀಲ್ ಬಾರ್ ನೇರವಾಗಿರುತ್ತದೆ. ಅದನ್ನು ಸರಿಸಿದರೆ ಎಲ್ಲ ತಂತಿಗಳ ಶ್ರುತಿಯೂ ಒಟ್ಟಿಗೇ ಏರುತ್ತದೆ, ಒಟ್ಟಿಗೇ ಇಳಿಯುತ್ತದೆ. ಪೆಡಲ್ ಸ್ಟೀಲ್‌ನ ಮೋಡಿ ಬೇರೆ: ಒಂದು ಸ್ವರ ನಿಂತಲ್ಲೇ ನಿಂತಿರುತ್ತದೆ, ಪಕ್ಕದ್ದು ಮೆಲ್ಲಗೆ ಏರುತ್ತದೆ. ಪೆಡಲ್‌ಗಳು ಮೊದಲೇ ಇದ್ದವು, ಹೆಚ್ಚಾಗಿ ಟ್ಯೂನಿಂಗ್ ಬದಲಿಸೋಕೆ ಬಳಕೆಯಾಗುತ್ತಿದ್ದವು. ಅಮೆರಿಕದ ಕಂಟ್ರಿ ಗಾಯಕ ವೆಬ್ ಪಿಯರ್ಸ್ ಅವರ 1954ರ 'ಸ್ಲೋಲಿ' ಹಾಡಿನಲ್ಲಿ ಸ್ಟೀಲ್ ವಾದಕ ಬಡ್ ಐಸಾಕ್ಸ್ ತಂತಿ ಇನ್ನೂ ಮಿಡಿಯುತ್ತಿರುವಾಗಲೇ ಪೆಡಲ್ ಒತ್ತಿದರು. ನ್ಯಾಶ್‌ವಿಲ್‌ನ ಸ್ಟೀಲ್ ವಾದಕರೆಲ್ಲ ಆ ನಾದದ ಹಿಂದೆ ಬಿದ್ದರು.

ಈಗ ನಿಮ್ಮ ಗಿಟಾರ್ ನೋಡೋಣ. ದಪ್ಪ ತಂತಿಯಿಂದ ತೆಳುವಿಗೆ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ಮೂರನೇ ತಂತಿಯನ್ನು ಅರ್ಧ ಸ್ವರ ಏರಿಸಿದರೆ ಜಿ. ಎರಡನೆಯದನ್ನು ಒಂದು ಸ್ವರ ಏರಿಸಿದರೆ ಬಿ. ಎರಡೂ ಲಿವರ್ ಒತ್ತಿದರೆ, ಬಾರ್ ಕದಲಿಸದೆಯೇ, ಡಿ ಮೇಜರ್ ಹೋಗಿ ಜಿ ಮೇಜರ್ ಬರುತ್ತದೆ. ಎರಡನೇ ತಂತಿಯದನ್ನು ಮಾತ್ರ ಒತ್ತಿ ನೋಡಿ, ಬಿ ಮೈನರ್! ನನಗೆ ತುಂಬಾ ಇಷ್ಟವಾದದ್ದು ಇದೇ. ಐದನೇ ತಂತಿ ಎ ಆಗಿಯೇ ಉಳಿಯುವುದರಿಂದ ಆಗ ಅದನ್ನು ಮೀಟಬೇಡಿ. ಎಳೆತ ಇಡೀ ತಂತಿಯದ್ದು, ಹಾಗಾಗಿ ಬಾರ್ ಯಾವ ಫ್ರೆಟ್ ಮೇಲಿದ್ದರೂ ಇದು ಹೀಗೇ ನಡೆಯುತ್ತದೆ.

ದುಡ್ಡು ಹಾಕುವ ಮೊದಲು ಬಾರ್ ಹಿಂದೆ ಎಡಗೈ ಬೆರಳಿನಿಂದ ತಂತಿಯನ್ನು ಎಳೆದು ನುಡಿಸಿ ನೋಡಿ. ಆ ಬದಲಾವಣೆ ನಿಮ್ಮ ಕಿವಿಗೆ ಹಿಡಿಸಿದರೆ ಮುಂದುವರಿಯಿರಿ. ನೀವು ನುಡಿಸುವುದು ಬರೀ ರಾಗವಾದರೆ ಲಿವರ್ ಬೇಡವೇ ಬೇಡ. ಮೀಂಡ್, ಗಮಕ ಎಲ್ಲ ಬಾರ್‌ನಲ್ಲೇ ಇದೆ.

ಡ್ಯೂಸೆನ್‌ಬರ್ಗ್ ಕಂಪನಿಯ ಮಲ್ಟಿಬೆಂಡರ್ ಎಂಬ ಸಾಧನದಲ್ಲಿ ಲಿವರ್‌ಗಳನ್ನು ಬೇಕಾದ ತಂತಿಗೆ ಕೂರಿಸಬಹುದು. ಹಿಪ್‌ಶಾಟ್ ಕಂಪನಿ ಕೂಡ ಅಂಗೈಯಲ್ಲಿ ಒತ್ತುವ ಲಿವರ್ ಮಾಡಿದೆ. ಯಾವುದೇ ಆದರೂ ಹಳೆಯ ಬ್ರಿಡ್ಜ್, ಅಂದರೆ ಬಲಗೈ ಕಡೆ ತಂತಿಗಳು ಕೂರುವ ಭಾಗ, ತೆಗೆಯಬೇಕಾಗಬಹುದು. ಅಳತೆ ತೆಗೆದೇ ಮರಕ್ಕೆ ಡ್ರಿಲ್ ಹಾಕಿಸಿ. ಬ್ರಿಡ್ಜ್ ಸ್ವಲ್ಪ ಆಚೀಚೆ ಆದರೂ ಫ್ರೆಟ್ ಗೆರೆಗಳು ಸುಳ್ಳು ಹೇಳುತ್ತವೆ. ಹಳೇ ಕಾಲದ ಗಿಟಾರ್ ಆಗಿದ್ದರೆ ಮಾತ್ರ ಡ್ರಿಲ್ ಬೇಡ, ಅದನ್ನು ಹಾಗೇ ಬಿಡಿ.

ಮೂರನೇ ತಂತಿ ಸುತ್ತು ಇಲ್ಲದ ಸಾದಾ ತಂತಿಯಾಗಿರಲಿ. ಸುತ್ತಿದ ತಂತಿಗೆ ಎಳೆತ ಜಾಸ್ತಿ ಬೇಕು. ಲಿವರ್ ಬಿಟ್ಟಾಗ ಶ್ರುತಿ ಕೆಳಗೇ ಉಳಿದರೆ ತಂತಿ ನಟ್‌ನಲ್ಲಿ (ಗಿಟಾರ್‌ನ ತಲೆಯ ಕಡೆ ತಂತಿಗಳು ಕೂರುವ ಪಟ್ಟಿ) ಸಿಕ್ಕಿಕೊಂಡಿದೆ ಅಂತ ತಿಳಿಯಿರಿ. ನಟ್‌ನಲ್ಲಿ ತಂತಿ ಕೂರುವ ಕಚ್ಚನ್ನು ನುಣುಪು ಮಾಡಿಸಿ, ಪೆನ್ಸಿಲ್ ಸೀಸ ಉಜ್ಜಿ. ಮೊದಲು ಎಲ್ಲ ತಂತಿ ಶ್ರುತಿ ಮಾಡಿ, ಆಮೇಲೆ ಲಿವರ್ ಒತ್ತಿಹಿಡಿದು ಅದರ ಸ್ಕ್ರೂ ತಿರುಗಿಸಿ, ಮತ್ತೆ ಮೊದಲಿನಿಂದ ನೋಡಿ. ಒಂದರ ಎಳೆತ ಇನ್ನೊಂದನ್ನು ತುಸು ಇಳಿಸಬಹುದು.

ಅಭ್ಯಾಸದಲ್ಲಿ ಕಷ್ಟ ಬರುವುದು ಬಲಗೈಗೆ. ಅಂಗೈ ಲಿವರ್ ಮೇಲಿದ್ದರೆ ಅದರಿಂದ ತಂತಿ ಮುಚ್ಚಿ ನಾದ ನಿಲ್ಲಿಸೋಕೆ ಆಗಲ್ಲ. ಫಿಂಗರ್ ಪಿಕ್ ತುದಿಯನ್ನೇ ತಂತಿಗೆ ಇಟ್ಟು ನಿಲ್ಲಿಸುವುದನ್ನು ಈಗಿನಿಂದಲೇ, ಲಿವರ್ ಬರುವ ಮೊದಲೇ, ರೂಢಿ ಮಾಡಿಕೊಳ್ಳಿ.